ಅಂಕೀಯ ತರಂಗಗಳಲ್ಲಿ ಅಪಸ್ವರ ನಿವಾರಣೆ

ವೀಣೆಯ ನಾದದೊಡನೆ ಬೇಡದ ಧ್ವನಿಯೊಂದು ಬೆರೆತರೆ ರಸಿಕರ ಕಿವಿ ಒಡನೆಯೇ ಅದನ್ನು ಅಪಸ್ವರವೆಂದು ಗುರುತಿಸುತ್ತದೆ. ವಿದ್ಯುತ್ ತರಂಗಗಳಲ್ಲಿಯೂ ಇಂತಹ ಅಪಸ್ವರಗಳುಂಟು. ಇವುಗಳಿಂದ ರೇಡಿಯೋದಲ್ಲಿ ಇಲ್ಲದ ನಿಲಯ ಕೇಳಿಸಬಹುದು. ರೇಡಾರಿನಲ್ಲಿ ಇಲ್ಲದ ವಸ್ತು ತೋರಬಹುದು. ಆದುದರಿಂದ ಇವುಗಳ ಮೂಲವನ್ನರಿಯುವುದು ಅವಶ್ಯ.

1971ರಲ್ಲಿ ಅಮೆರಿಕದ ಟಿಯರ್ನಿ, ರೇಡರ್ ಮತ್ತು ಗೋಲ್ಡ್ ಎಂಬ ಮೂವರು ವಿವರಿಸಿದ ಅಂಕೀಯ ಸಂಶ್ಲೇಷಕದಲ್ಲಿ ತರಂಗವು ಲೆಕ್ಕದಿಂದಲೇ ಹುಟ್ಟುತ್ತದೆ. ಗಡಿಯಾರದ ಪ್ರತಿ ಮಿಡಿತಕ್ಕೂ ಸಂಚಾಯಕವು ನಿಯತವಾದ ಒಂದು ಸಂಖ್ಯೆಯನ್ನು ಕೂಡಿಕೊಳ್ಳುತ್ತದೆ. ಆ ಮೊತ್ತವೇ ಕೋನ. ಕೋನಕ್ಕೆ ತಕ್ಕ ಜ್ಯಾ ಬೆಲೆಯನ್ನು ಕೋಷ್ಟಕವು ಕೊಡುತ್ತದೆ. ಪರಿವರ್ತಕವು ಅದನ್ನು ವೋಲ್ಟೇಜಾಗಿ ಮಾರ್ಪಡಿಸುತ್ತದೆ. ಸಂಚಾಯಕವು 32 ಬಿಟ್ಟಿನದೂ ಗಡಿಯಾರವು 100 ಮೆಗಾಹರ್ಟ್ಸಿನದೂ ಆಗಿದ್ದರೆ ಆವೃತ್ತಿಯನ್ನು ಸುಮಾರು 0.023 ಹರ್ಟ್ಸಿನಷ್ಟು ಸೂಕ್ಷ್ಮವಾಗಿ ಬದಲಿಸಬಹುದು.

ತೊಡಕು ಇರುವುದು ಕೋಷ್ಟಕದಲ್ಲಿ. 32 ಬಿಟ್ಟಿಗೆ 429 ಕೋಟಿಗೂ ಮಿಕ್ಕ ಬೆಲೆಗಳು ಬೇಕು. ಆದಕಾರಣ ಮೇಲಿನ 12 ಬಿಟ್ಟುಗಳನ್ನಷ್ಟೇ ಉಳಿಸಿಕೊಂಡು ಮಿಕ್ಕುದನ್ನು ಕೈಬಿಡುವರೆಂದು ಇಟ್ಟುಕೊಳ್ಳೋಣ. ಕೈಬಿಟ್ಟ ಶೇಷವು ತಾಳಬದ್ಧವಾಗಿ ಮರುಕಳಿಸುವುದರಿಂದ ಆ ದೋಷವೇ ಅಪಸ್ವರವಾಗಿ ಹೊಮ್ಮುತ್ತದೆ. ಇಂತಹವುಗಳಲ್ಲಿ ಪ್ರಬಲವಾದುದು ಮುಖ್ಯ ಸಂಕೇತಕ್ಕಿಂತ ಸುಮಾರು 72 ಡೆಸಿಬೆಲ್ ಕೆಳಗಿರುತ್ತದೆ. ಒಂದೊಂದು ಬಿಟ್ಟು ಹೆಚ್ಚಿದಂತೆ ಮತ್ತೆ 6 ಡೆಸಿಬೆಲ್ ಕುಗ್ಗುತ್ತದೆ.

ಇದಕ್ಕೆ ಮೊದಲ ಪರಿಹಾರ, ವೃತ್ತದ ಕಾಲುಭಾಗದ ಬೆಲೆಗಳನ್ನಷ್ಟೇ ಬರೆದಿಟ್ಟು ಉಳಿದ ಮುಕ್ಕಾಲನ್ನು ಸಮಮಿತಿಯಿಂದ ಪಡೆಯುವುದು. ಆರ್ಯಭಟನೂ 499ರಲ್ಲಿ ಕಾಲುವೃತ್ತಕ್ಕೆ ಮಾತ್ರ 24 ಜ್ಯಾಂತರಗಳನ್ನು ಕೊಟ್ಟನೆಂಬುದು ಇಲ್ಲಿ ಸ್ಮರಣೀಯ. ಇದರಿಂದ ಅಷ್ಟೇ ಗಾತ್ರದ ಕೋಷ್ಟಕದಲ್ಲಿ ಎರಡು ಬಿಟ್ಟುಗಳು, ಅರ್ಥಾತ್ 12 ಡೆಸಿಬೆಲ್, ಲಾಭವಾಗುತ್ತದೆ. ಎರಡನೆಯದು, ಬಿಟ್ಟುಗಳನ್ನು ಕತ್ತರಿಸುವ ಮೊದಲೇ ಕೋನಕ್ಕೆ ಯಾದೃಚ್ಛಿಕ ಸಣ್ಣ ಸಂಖ್ಯೆಯೊಂದನ್ನು ಕೂಡಿಸುವುದು. ಆಗ ದೋಷದ ತಾಳ ಮುರಿಯುತ್ತದೆ. ದೋಷವು ಇದರಿಂದ ಅಳಿಯುವುದಿಲ್ಲ. ಒಂದೆಡೆ ನಿಲ್ಲದೆ ಕ್ಷೀಣವಾದ ಮರ್ಮರವಾಗಿ ಎಲ್ಲೆಡೆ ಹರಡುತ್ತದೆ.

ಪರಿವರ್ತಕದ ವಕ್ರತೆಯಿಂದ ಹುಟ್ಟುವ ಅಪಸ್ವರಕ್ಕೆ ಈ ಎರಡು ಉಪಾಯಗಳೂ ಸಲ್ಲವು. ಗಡಿಯಾರ 100, ಸಂಕೇತ 30 ಮೆಗಾಹರ್ಟ್ಸ್ ಆಗಿರಲಿ. ಮೂರನೆಯ ಅನುಸ್ವರ 90. ಅದು 100ರಿಂದ ಮಡಿಚಿ 10ಕ್ಕೆ ಬಂದಿಳಿಯುತ್ತದೆ. 70ರಲ್ಲಿರುವ ಪ್ರತಿಬಿಂಬವನ್ನು ತಡೆಯುವ ಶೋಧಕವು ಕೆಳಗಿನ ಈ 10ನ್ನು ತಡೆಯಲಾರದು. ಗಡಿಯಾರವನ್ನೇ 120ಕ್ಕೆ ಬದಲಿಸಿದರೆ ಅದೇ 90 ಮಡಿಚಿ 30ರ ಮೇಲೆಯೇ ಬೀಳುತ್ತದೆ. ಬೇರೆ ಅಪಸ್ವರವಾಗಿ ಉಳಿಯುವುದಿಲ್ಲ. ಆದರೆ ಸಂಕೇತದ ಆವೃತ್ತಿ ಬದಲಾದರೆ ಈ ಲೆಕ್ಕವನ್ನು ಮತ್ತೆ ಹಾಕಬೇಕು.

ಆದುದರಿಂದ ಅಪಸ್ವರವು ಕೋಷ್ಟಕದ್ದೋ ಪರಿವರ್ತಕದ್ದೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ನಿದಾನವಿಲ್ಲದ ಚಿಕಿತ್ಸೆ ಇಲ್ಲಿಯೂ ಫಲಿಸದು.