ಕೆರೆಗೆ ಮೀನುಮರಿ ಬಿಡುವುದಕ್ಕೆ ಮೊದಲು ತಿಳಿಯತಕ್ಕ ಸಂಗತಿಗಳು

ಊರ ಕೆರೆಯು ಗದ್ದೆಗೂ ದನಕರುಗಳಿಗೂ ನೀರನ್ನೊದಗಿಸುವುದಲ್ಲದೆ, ಕ್ರಮವಾಗಿ ನಡೆಸಿಕೊಂಡಲ್ಲಿ ಮೀನಿನ ಬೆಳೆಯನ್ನೂ ಕೊಡುತ್ತದೆ. ಆದರೆ ಹಣ ಕೊಟ್ಟು ತಂದ ಮರಿಗಳನ್ನು ಬಿಟ್ಟು, ವರ್ಷಾಂತ್ಯದಲ್ಲಿ ಬಲೆ ಬೀಸಿದಾಗ ಏನೂ ದೊರೆಯದೆ, ಕೆರೆಯ ನೀರನ್ನೇ ಹಳಿಯುವವರುಂಟು. ಇಂತಹ ನಷ್ಟಕ್ಕೆ ಅನೇಕ ವೇಳೆ ಕಾರಣವು ನೀರಲ್ಲ. ಮರಿಗಳಿಗಿಂತ ಮೊದಲೇ ಅಲ್ಲಿ ನೆಲೆಸಿರುವ, ಮೀನನ್ನೇ ತಿಂದು ಬದುಕುವ ಮೀನುಗಳು.

1. ಶತ್ರುಗಳು.— ಕೊರವ, ಬಾಳೆ ಎಂಬಿವು ಮುಖ್ಯವಾದವು. ಕೊರವವು ನೀರಿನ ಮೇಲಕ್ಕೆ ಬಂದು ಗಾಳಿಯನ್ನು ಸೇವಿಸಬಲ್ಲುದು. ಆದುದರಿಂದ ಕೆರೆ ಬತ್ತಿದರೂ ಅದು ಕೆಸರುಗುಂಡಿಗಳಲ್ಲಿ ಉಳಿದುಕೊಂಡು, ಮಳೆ ಬಂದೊಡನೆ ಹೊರಬರುತ್ತದೆ. ಇದು ಹೀನವಾದ ಮೀನಲ್ಲ. ಪೇಟೆಯಲ್ಲಿ ಒಳ್ಳೆಯ ಬೆಲೆಯುಂಟು. ಬೇಸಗೆಯಲ್ಲಿ ಹಿಡಿದು ಮಾರಿದರೆ ಲಾಭವೂ ಆಯಿತು, ಕೆರೆಯೂ ಶುದ್ಧವಾಯಿತು.

2. ಶುದ್ಧಿ.— ನೀರು ತಗ್ಗಿದಾಗ ಮತ್ತೆ ಮತ್ತೆ ಬಲೆಯೆಳೆಯತಕ್ಕದ್ದು. ಬಲೆಗೆ ಸಿಕ್ಕದೆ ಉಳಿದವುಗಳಿಗಾಗಿ, ಬೇರೆ ಉಪಯೋಗವಿಲ್ಲದ ಸಣ್ಣ ಗುಂಡಿಗಳಲ್ಲಿ 1,000 ಲೀಟರು ನೀರಿಗೆ ಕಾಲು ಕಿಲೋ ಪ್ರಮಾಣದಲ್ಲಿ ಹಿಪ್ಪೆ ಹಿಂಡಿಯನ್ನು ನೆನೆಸಿ ಎರಚಬಹುದು. ಅದರ ವಿಷವು ಸುಮಾರು ಮೂರು ವಾರಗಳಲ್ಲಿ ಅಡಗಿ, ಬಳಿಕ ಗೊಬ್ಬರವಾಗುತ್ತದೆ. ಅಷ್ಟರವರೆಗೆ ದನಗಳನ್ನು ಅಲ್ಲಿಗೆ ಬಿಡಕೂಡದು, ಮರಿಗಳನ್ನೂ ಬಿಡಕೂಡದು.

3. ಮರಿಗಳ ಆಯ್ಕೆ.— ಕಾಟ್ಲಾ ಮೇಲ್ನೀರಿನಲ್ಲಿಯೂ, ರೋಹು ನಡುನೀರಿನಲ್ಲಿಯೂ, ಮೃಗಾಲವು ತಳದಲ್ಲಿಯೂ ಮೇಯುತ್ತವೆ. ಆದುದರಿಂದ ಈ ಮೂರನ್ನೂ 4:3:3ರ ಪ್ರಮಾಣದಲ್ಲಿ ಕೂಡಿಸಿ ಬಿಟ್ಟರೆ ಕೆರೆಯ ಮೇವೆಲ್ಲವೂ ಉಪಯೋಗಕ್ಕೆ ಬರುತ್ತದೆ. ಇವು ಪ್ರವಾಹದ ಹೊಳೆಯಲ್ಲಿ ಮೊಟ್ಟೆಯಿಡುವುವೇ ಹೊರತು ನಿಂತ ನೀರಿನಲ್ಲಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಗ್ರಂಥಿರಸದ ಚುಚ್ಚುಮದ್ದಿನಿಂದ ಗೆಂಡೆ ಮೀನುಗಳಲ್ಲಿ ಮೊಟ್ಟೆಯಿಡಿಸಿದ ಮೇಲೆ, ಮರಿಗಳು ಸಾಕಣೆಕೇಂದ್ರಗಳಲ್ಲಿಯೇ ದೊರೆಯುವಂತಾಯಿತು.

4. ಅಳತೆ.— ಅಗ್ಗವೆಂದು ಎಳೆಯ ಮರಿಗಳನ್ನು ತರುವುದು ಉಳಿದ ಕೊರವಕ್ಕೆ ಊಟವಿಕ್ಕಿದಂತೆಯೇ ಸರಿ. ನಾಲ್ಕು ಅಂಗುಲ ಬೆಳೆದ ಮರಿಯೇ ಯೋಗ್ಯವಾದುದು. ಗೊಬ್ಬರ, ಮೇವುಗಳನ್ನು ಹಾಕಿ ಸಾಕುವ ಕೊಳದಲ್ಲಿ ಎಕರೆಗೆ ಸುಮಾರು 2,000 ಮರಿಗಳು ಸಾಕು; ಮೇವು ಹಾಕದ ದೊಡ್ಡ ಕೆರೆಗೆ ಇನ್ನೂ ಕಡಿಮೆ.

5. ಬಿಡುವ ಕ್ರಮ.— ಮರಿಗಳಿರುವ ಚೀಲವನ್ನು ತಂಪಾದ ಹೊತ್ತಿನಲ್ಲಿ ಅರ್ಧ ಗಂಟೆ ಕೆರೆಯಲ್ಲಿ ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಸಮಶಾಖವಾದ ಬಳಿಕ ಬಾಯಿ ಬಿಚ್ಚತಕ್ಕದ್ದು. ಕೋಡಿಗೂ ತೂಬಿಗೂ ಜಾಲರಿಯಿರಬೇಕು. ಕೋಡಿಯ ಜಾಲರಿಗೆ ಕಸ ಕಟ್ಟಿ ನೀರು ನಿಲ್ಲದಂತೆ ಮಳೆಗಾಲದಲ್ಲಿ ದಿನವೂ ನೋಡಬೇಕು.

6. ಬಿಡಬಾರದವು.— 1952ರಲ್ಲಿ ಭಾರತಕ್ಕೆ ತಂದ ಜಿಲೇಬಿ ಮೀನು ಎಳೆತನದಲ್ಲಿಯೇ ಸಂತಾನವೃದ್ಧಿ ಮಾಡಿ ಕೆರೆಯನ್ನು ಕುಬ್ಜ ಮೀನುಗಳಿಂದ ತುಂಬಿಸುತ್ತದೆ. ಆಫ್ರಿಕದ ಕ್ಯಾಟ್‌ಫಿಷ್ ಸಾಕಣೆಯು ನಿಷಿದ್ಧ. ಒಂದು ಕೆರೆಯಲ್ಲಿ ಬಿಟ್ಟರೆ ಕೋಡಿಯ ಮೂಲಕ ಕೆಳಗಿನ ಊರುಗಳ ಕೆರೆಗಳಿಗೂ ಹಬ್ಬೀತು.

ಕೆರೆಯು ಊರಿನವರೆಲ್ಲರ ಸ್ವತ್ತು. ಆದಕಾರಣ ಗ್ರಾಮದ ಮುಖಂಡರು ಮರಿಗಳಿಗೆ ಹಣ ಕಟ್ಟುವ ಮೊದಲು, ಬೇಸಗೆಯಲ್ಲಿಯೇ ಕೆರೆಯಂಗಳವನ್ನು ಸುತ್ತಿ, ಗುಂಡಿಗಳಲ್ಲಿ ಏನುಳಿದಿದೆಯೆಂಬುದನ್ನು ತಾವೇ ನೋಡಿ ತಿಳಿಯುವುದು ಉತ್ತಮ.