ಡೆಂಟಿಸ್ಟ್ ಕುರ್ಚಿಯ ಭಯ ಬಿಡಿ: ಬೊಮ್ಮನಹಳ್ಳಿಯ ಬಿಡುವಿಲ್ಲದ ಮಂದಿಗೆ 10 ಸೂತ್ರಗಳು

ರಾತ್ರಿ ಹನ್ನೊಂದು ಗಂಟೆ. ಕೆಳದವಡೆ ಮಿಡಿಯುತ್ತಿದೆ. ಬೆಳಿಗ್ಗೆ ಕ್ಲೈಂಟ್ ಕಾಲ್ ಇದೆ, ಇಲ್ಲವೇ ಗಾರ್ಮೆಂಟ್ಸ್‌ನಲ್ಲಿ ಶಿಫ್ಟ್ ಇದೆ, ಇಲ್ಲವೇ ಸೆಮಿಸ್ಟರ್ ಪರೀಕ್ಷೆ ಇದೆ. ನೀವು ಹಲ್ಲಿಗೆ ಲವಂಗ ಒತ್ತಿಕೊಂಡು ಪಿಜಿ ರೂಮಿನಲ್ಲಿ ಮಗ್ಗುಲು ಬದಲಿಸುತ್ತಿದ್ದೀರಿ. ಇದೇ ಹಲ್ಲು ಆರು ತಿಂಗಳ ಹಿಂದೆ ತಣ್ಣೀರು ಕುಡಿದಾಗ ಜುಂ ಅಂದಿತ್ತು. ಆಗಲೇ ಹೋಗಿದ್ದರೆ ಒಂದು ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿತ್ತು. ಟೈಮ್ ಸಿಗಲಿಲ್ಲ ಅಂತ ಎಲ್ಲರಿಗೂ ಹೇಳಿದಿರಿ. ನಿಜ ಕಾರಣ ನಿಮಗೆ ಗೊತ್ತು. ನನಗೂ ಗೊತ್ತು, ಏಕೆಂದರೆ ನಾನೂ ನಾಲ್ಕು ವರ್ಷ ಅದೇ ಮಾತು ಹೇಳಿಕೊಂಡು ಓಡಾಡಿದ್ದೇನೆ.

ಭಯ ಹುಟ್ಟುಗುಣವಲ್ಲ, ಅಭ್ಯಾಸ. ಅಭ್ಯಾಸವನ್ನು ಬದಲಾಯಿಸಬಹುದು. ಇವತ್ತೇ ಶುರು ಮಾಡಿ.

1. ನಿಮ್ಮ ಭಯಕ್ಕೆ ಮಾರ್ಕ್ಸ್ ಹಾಕಿ

ಅಳತೆ ಗೊತ್ತಿಲ್ಲದ ಭಯ ದೊಡ್ಡದಾಗಿಯೇ ಕಾಣುತ್ತದೆ. ಹಲ್ಲಿನ ಭಯ ಅಳೆಯಲು ದಂತವೈದ್ಯರ ಬಳಿ ಐದೇ ಪ್ರಶ್ನೆಗಳ ಒಂದು ಪಟ್ಟಿ ಇದೆ. ನಾಳೆ ಹಲ್ಲಿನ ಚಿಕಿತ್ಸೆ ಇದೆ ಅಂದರೆ ಹೇಗನಿಸುತ್ತದೆ? ಹೊರಗೆ ಸರದಿಗೆ ಕಾಯುವಾಗ? ಡ್ರಿಲ್ ಮಾಡುವಾಗ? ಕ್ಲೀನಿಂಗ್ ಮಾಡುವಾಗ? ವಸಡಿಗೆ ಇಂಜೆಕ್ಷನ್ ಕೊಡುವಾಗ? ಏನೂ ಅನ್ನಿಸದಿದ್ದರೆ 1, ತಡೆಯಲಾಗದಷ್ಟು ಭಯವಾದರೆ 5. ಕೂಡಿಸಿ. ಕನಿಷ್ಠ 5, ಗರಿಷ್ಠ 25. ಮೊತ್ತ 19 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ತೀವ್ರ ಭಯ. ಹಾಗಿದ್ದರೆ ಮಂಪರಿನ (ಸೆಡೇಶನ್) ಆಯ್ಕೆಗಳ ಬಗ್ಗೆ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿ. ಒಂಬತ್ತೋ ಹತ್ತೋ ಬಂದರೆ ಒಂದು ಒಳ್ಳೆಯ ಇಂಜೆಕ್ಷನ್, ತಾಳ್ಮೆಯ ಡಾಕ್ಟರ್, ಇಷ್ಟೇ ಸಾಕಾಗಬಹುದು.

ಯಾವ ಪ್ರಶ್ನೆಗೆ ಹೆಚ್ಚು ಅಂಕ ಬಿತ್ತು ನೋಡಿ. ಕೆಲವರಿಗೆ ಸೂಜಿ, ಕೆಲವರಿಗೆ ಡ್ರಿಲ್‌ನ ಸದ್ದು. ಮದ್ದು ಬೇರೆ ಬೇರೆ.

2. ಹಳೆಯ ನೋವಿನ ಕಾರಣ ಹುಡುಕಿ

ಈ ಸೂತ್ರವನ್ನು ನಿಧಾನವಾಗಿ ಓದಿ. ಉಳಿದ ಎಲ್ಲವೂ ಇದರ ಮೇಲೆ ನಿಂತಿವೆ.

ಭಯಪಡುವವರನ್ನು ಕೇಳಿದರೆ ಬಹಳಷ್ಟು ಮಂದಿ ಒಂದೇ ಕಥೆ ಹೇಳುತ್ತಾರೆ: "ಇಂಜೆಕ್ಷನ್ ಕೊಟ್ಟರೂ ನೋವಾಯಿತು." ನನ್ನದೂ ಅದೇ ಕಥೆ. ಏಳನೇ ಕ್ಲಾಸಿನಲ್ಲಿ, ಕೆನ್ನೆ ಬಾತು ಕಣ್ಣಿನ ತನಕ ಏರಿದ ಮೇಲೆ ಅಪ್ಪ ನನ್ನನ್ನು ಊರಿನ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಸೂಜಿ ಚುಚ್ಚಿದರು, ಕಾದರು, ಇನ್ನೊಮ್ಮೆ ಚುಚ್ಚಿದರು. ಹಲ್ಲು ಕೀಳುವಾಗ ಜೀವ ಹೋದಂತಾಯಿತು. ಆ ಡಾಕ್ಟರ್ ಮೇಲೆ ವರ್ಷಗಟ್ಟಲೆ ಸಿಟ್ಟಿಟ್ಟುಕೊಂಡಿದ್ದೆ.

ಕಾರಣ ತಿಳಿದದ್ದು ಬಹಳ ತಡವಾಗಿ. ಹಲ್ಲಿನ ಜಾಗ ಮರಗಟ್ಟಿಸಲು ಬಳಸುವ ಔಷಧಿ ಲಿಗ್ನೋಕೇನ್. ಅದು ನರದ ಪೊರೆ ದಾಟಿ ಒಳಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಸೋಂಕು ತಗುಲಿ ಬಾತ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಿರುತ್ತದೆ. ಅಲ್ಲಿ ಔಷಧಿಯ ಹೆಚ್ಚಿನ ಪಾಲು ಪೊರೆ ದಾಟಲಾಗದ ರೂಪಕ್ಕೆ ತಿರುಗಿಬಿಡುತ್ತದೆ. ಜೊತೆಗೆ ಉರಿಯೂತದಿಂದ ನರ ಮೊದಲೇ ಕೆರಳಿರುತ್ತದೆ. ಹೀಗಾಗಿ ಅದೇ ಇಂಜೆಕ್ಷನ್, ಅದೇ ಡೋಸ್, ಕೆಲಸ ಮಾತ್ರ ಅರೆಬರೆ. ಅಂದು ನನಗೆ ನೋವು ಕೊಟ್ಟದ್ದರಲ್ಲಿ ದೊಡ್ಡ ಪಾಲು ನಾವು ತಡವಾಗಿ ಹೋದದ್ದರದು.

ಈಗ ಲೆಕ್ಕ ಹಾಕಿ. ಭಯದಿಂದ ಮುಂದೂಡುತ್ತೀರಿ. ಮುಂದೂಡಿದ್ದರಿಂದ ಕೀವಾಗುತ್ತದೆ. ಕೀವಾದ್ದರಿಂದ ಇಂಜೆಕ್ಷನ್ ಸರಿಯಾಗಿ ಹತ್ತುವುದಿಲ್ಲ. ನೋವಾಗುತ್ತದೆ, ಭಯ ದುಪ್ಪಟ್ಟಾಗುತ್ತದೆ. ಈ ಚಕ್ರವನ್ನು ನೀವೇ ಒಂದು ಕಡೆ ಮುರಿಯಬೇಕು.

3. ಹಲ್ಲು ಸುಮ್ಮನಿರುವಾಗಲೇ ಹೋಗಿ

ಮುರಿಯುವ ಜಾಗ ಇದೇ. ತಣ್ಣನೆಯದು ತಾಗಿದಾಗ ಜುಂ ಅಂದ ವಾರವೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ಶಾಂತವಾಗಿರುವ ಹಲ್ಲು ಚೆನ್ನಾಗಿ ಮರಗಟ್ಟುತ್ತದೆ. ಬೇಗ ಹೋದಷ್ಟೂ ಕೆಲಸ ಚಿಕ್ಕದು, ಬೇಕಾಗುವ ಮಂಪರೂ ಕಡಿಮೆ. ಈಗಾಗಲೇ ಬಾತಿದ್ದರೆ ಮನೆಯಲ್ಲಿ ಕಾಯಬೇಡಿ, ಇವತ್ತೇ ತೋರಿಸಿ. ಕೀವು ತೆಗೆಯಬೇಕೋ ಔಷಧಿ ಕೊಡಬೇಕೋ ಡಾಕ್ಟರ್ ನಿರ್ಧರಿಸಲಿ. ಬಾವಿನ ಜೊತೆ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನೇರವಾಗಿ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ನೋವಿನ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳಬೇಡಿ. ವಸಡು ಸುಡುತ್ತದೆ, ಹಲ್ಲು ಸರಿಯಾಗುವುದಿಲ್ಲ.

4. ಮೊದಲ ದಿನ ಬರೀ ಮಾತಾಡಿ ಬನ್ನಿ

ಮೊದಲ ವಿಸಿಟ್‌ನಲ್ಲೇ ಡ್ರಿಲ್ ಮಾಡಿಸಿಕೊಳ್ಳಬೇಕು ಅಂತ ಯಾವ ರೂಲ್ ಕೂಡ ಇಲ್ಲ. ಕುರ್ಚಿಯಲ್ಲಿ ಕೂತು, ಬಾಯಿ ತೋರಿಸಿ, ಎಕ್ಸ್‌ರೇ ತೆಗೆಸಿ, ಎದ್ದು ಬನ್ನಿ. ಭಯಪಟ್ಟ ಜಾಗದಿಂದ ನೋವಿಲ್ಲದೆ ಹೊರಗೆ ಬಂದ ಅನುಭವವನ್ನು ಮನಸ್ಸು ನೆನಪಿಟ್ಟುಕೊಳ್ಳುತ್ತದೆ.

ಎಲ್ಲಿಗೆ ಹೋಗುವುದು? ಬೊಮ್ಮನಹಳ್ಳಿಯವರಿಗೆ ಈ ನೆಪ ಇಲ್ಲವೇ ಇಲ್ಲ. ಹೊಸೂರು ರಸ್ತೆಯಲ್ಲೇ ಆಕ್ಸ್‌ಫರ್ಡ್ ಡೆಂಟಲ್ ಕಾಲೇಜ್ ಇದೆ. ಡೆಂಟಲ್ ಕಾಲೇಜ್‌ಗಳಲ್ಲಿ ವಿದ್ಯಾರ್ಥಿಗಳು ಪ್ರೊಫೆಸರ್‌ಗಳ ಕಣ್ಣೆದುರಲ್ಲೇ ಚಿಕಿತ್ಸೆ ಕೊಡುತ್ತಾರೆ. ಟೈಮ್ ಹೆಚ್ಚು ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಕಡಿಮೆ. ಸರ್ಕಾರಿ ಆಸ್ಪತ್ರೆಯೇ ಬೇಕಾದರೆ ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ, ಕೋಟೆ ಪ್ರದೇಶದಲ್ಲಿ 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೋ ಓಡುತ್ತಿದೆ. ಬೊಮ್ಮನಹಳ್ಳಿ ಸ್ಟೇಷನ್‌ನಲ್ಲಿ ಹತ್ತಿ, ಆರ್.ವಿ. ರೋಡ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಿರಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ಅಂತ ಇನ್ನು ಹೇಳುವಂತಿಲ್ಲ.

5. ಕೈ ಎತ್ತುವ ಸಿಗ್ನಲ್ ಫಿಕ್ಸ್ ಮಾಡಿ

"ಎಡಗೈ ಎತ್ತಿದರೆ ನಿಲ್ಲಿಸಬೇಕು ಡಾಕ್ಟ್ರೇ" ಅಂತ ಮೊದಲೇ ಮಾತಾಗಲಿ. ಒಮ್ಮೆ ಸುಮ್ಮನೆ ಎತ್ತಿ ಟೆಸ್ಟ್ ಮಾಡಿ, ಅವರು ನಿಜಕ್ಕೂ ನಿಲ್ಲಿಸುತ್ತಾರಾ ನೋಡಿ. ಬಾಯಿ ತೆರೆದು ಮಲಗಿದಾಗ ಕಾಡುವುದು ನೋವಿಗಿಂತ ಹೆಚ್ಚಾಗಿ ಅಸಹಾಯಕತೆ. ಬ್ರೇಕ್ ನಿಮ್ಮ ಕೈಯಲ್ಲಿದೆ ಅಂತ ಗೊತ್ತಾದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಸದ್ದಿಗೆ ಹೆದರುವವರು ಇಯರ್‌ಫೋನ್ ತಗೊಂಡು ಹೋಗಿ.

6. ಮಂಪರಿನ ಮೆಟ್ಟಿಲುಗಳನ್ನು ತಿಳಿಯಿರಿ, ಕೆಳಗಿನಿಂದ ಹತ್ತಿ

ಮೊದಲು ಒಂದು ವ್ಯತ್ಯಾಸ ಗೊತ್ತಿರಲಿ. ಅರಿವಳಿಕೆ ಇಂಜೆಕ್ಷನ್ ನೋವನ್ನು ತಡೆಯುತ್ತದೆ. ಮಂಪರು ಮನಸ್ಸನ್ನು ಶಾಂತ ಮಾಡುತ್ತದೆ. ಮಂಪರು ಕೊಟ್ಟರೂ ಸಾಮಾನ್ಯವಾಗಿ ಇಂಜೆಕ್ಷನ್ ಕೊಟ್ಟೇ ಕೊಡುತ್ತಾರೆ, ಆದರೆ ಅದು ನಿಮಗೆ ಅಷ್ಟಾಗಿ ಲೆಕ್ಕಕ್ಕೇ ಬರುವುದಿಲ್ಲ.

ಮೊದಲ ಮೆಟ್ಟಿಲು ಜೆಲ್ ಮತ್ತು ಇಂಜೆಕ್ಷನ್. ಸೂಜಿಗೆ ಮುಂಚೆ ವಸಡಿಗೆ ಮರಗಟ್ಟಿಸುವ ಜೆಲ್ ಅಥವಾ ಸ್ಪ್ರೇ ಹಾಕಿ ಅಂತ ಕೇಳಿ. ಔಷಧಿಯನ್ನು ನಿಧಾನವಾಗಿ ಬಿಡಿ ಅಂತಲೂ ಕೇಳಿ, ಏಕೆಂದರೆ ಸೂಜಿ ಚುಚ್ಚುವುದಕ್ಕಿಂತ ಔಷಧಿ ರಭಸವಾಗಿ ನುಗ್ಗಿದಾಗ ಆಗುವ ಒತ್ತಡವೇ ಹೆಚ್ಚು ನೋಯುತ್ತದೆ. ಲಿಗ್ನೋಕೇನ್ ಜೊತೆ ಸಾಮಾನ್ಯವಾಗಿ ಅಡ್ರಿನಲಿನ್ ಬೆರೆತಿರುತ್ತದೆ. ಅದರಿಂದ ಒಂದೆರಡು ನಿಮಿಷ ಎದೆ ಡವಡವ ಅನ್ನಬಹುದು. ಬಹಳ ಮಂದಿ ಇದನ್ನೇ "ನನಗೆ ಇಂಜೆಕ್ಷನ್ ಆಗಿಬರಲ್ಲ" ಅಂದುಕೊಂಡಿದ್ದಾರೆ. ಡಾಕ್ಟರ್‌ಗೆ ಹೇಳಿ, ಉಸಿರು ನಿಧಾನ ಮಾಡಿ, ಇಳಿಯುತ್ತದೆ.

ಎರಡನೆಯದು ಲಾಫಿಂಗ್ ಗ್ಯಾಸ್, ಅಂದರೆ ನೈಟ್ರಸ್ ಆಕ್ಸೈಡ್. ಮೂಗಿನ ಮೇಲೆ ಚಿಕ್ಕ ಮಾಸ್ಕ್ ಇಡುತ್ತಾರೆ. ಗ್ಯಾಸ್ ಜೊತೆ ಆಕ್ಸಿಜನ್ ಸೇರಿಸಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾರೆ. ಕೆಲವೇ ನಿಮಿಷಕ್ಕೆ ಮೈ ಹಗುರ, ಬೆರಳ ತುದಿ ಜುಮುಜುಮು. ನಿದ್ದೆ ಬರುವುದಿಲ್ಲ, ಮಾತಾಡಿದರೆ ಉತ್ತರ ಕೊಡುತ್ತೀರಿ. ಕೊನೆಗೆ ಕೆಲವು ನಿಮಿಷ ಬರೀ ಆಕ್ಸಿಜನ್ ಕೊಟ್ಟರೆ ಅಮಲು ಇಳಿಯುತ್ತದೆ. ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಅನುಕೂಲದ ಆಯ್ಕೆ ಇಲ್ಲ ಅಂತ ನನ್ನ ಅಭಿಪ್ರಾಯ: ಡಾಕ್ಟರ್ ಓಕೆ ಅಂದರೆ ಸಾಮಾನ್ಯವಾಗಿ ಅದೇ ದಿನ ಡ್ಯೂಟಿಗೂ ಹೋಗಬಹುದು. ಆದರೆ ಎಲ್ಲ ಕ್ಲಿನಿಕ್‌ಗಳಲ್ಲೂ ಈ ಮಷಿನ್ ಇರುವುದಿಲ್ಲ, ಫೋನ್‌ನಲ್ಲೇ ಕೇಳಿ. ನೆಗಡಿಯಾಗಿ ಮೂಗು ಕಟ್ಟಿದ್ದರೆ, ಗರ್ಭಿಣಿಯಾಗಿದ್ದರೆ, ಬಿ12 ಕೊರತೆ ಇದ್ದರೆ, ಇತ್ತೀಚೆಗೆ ಕಣ್ಣು ಅಥವಾ ಕಿವಿಯ ಆಪರೇಷನ್ ಆಗಿದ್ದರೆ ಮೊದಲೇ ತಿಳಿಸಿ.

ಈ ಗ್ಯಾಸನ್ನು ಹಲ್ಲಿಗೆ ಬಳಸಿ ತೋರಿಸಿದವರೂ ಒಬ್ಬ ಡೆಂಟಿಸ್ಟೇ. 1844ರ ಡಿಸೆಂಬರ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಜನರ ಮನರಂಜನೆಗೆ ಈ ಗ್ಯಾಸ್‌ನ ಪ್ರದರ್ಶನ ನಡೆಯಿತು. ಗ್ಯಾಸ್ ಎಳೆದುಕೊಂಡ ಒಬ್ಬನ ಕಾಲಿಗೆ ಗಾಯವಾದರೂ ಅವನಿಗೆ ನೋವೇ ತಿಳಿಯಲಿಲ್ಲ. ಅದನ್ನು ನೋಡಿದ ಹೊರೇಸ್ ವೆಲ್ಸ್ ಎಂಬ ದಂತವೈದ್ಯರು ಮರುದಿನವೇ ಗ್ಯಾಸ್ ಎಳೆದುಕೊಂಡು ತಮ್ಮದೇ ಹಲ್ಲು ಕೀಳಿಸಿಕೊಂಡರು. ನಿಮಗೆ ಈ ಮಾಸ್ಕ್ ಇಡುವ ಮುಂಚೆ ಒಬ್ಬ ಡಾಕ್ಟರ್ ತಮ್ಮ ಬಾಯಲ್ಲೇ ಪರೀಕ್ಷೆ ಮಾಡಿದ್ದಾರೆ.

ಮೂರನೆಯದು ಮಾತ್ರೆ. ಡಾಕ್ಟರ್ ಬರೆದುಕೊಟ್ಟರೆ ಚಿಕಿತ್ಸೆಗೆ ಸುಮಾರು ಒಂದು ಗಂಟೆ ಮುಂಚೆ ತಗೊಳ್ಳುವುದು. ತೂಕಡಿಕೆ ಬರುತ್ತದೆ, ದಿನವಿಡೀ ಉಳಿಯಲೂಬಹುದು. ನಾಲ್ಕನೆಯದು ರಕ್ತನಾಳದ ಮೂಲಕ, ಹೆಚ್ಚಾಗಿ ಮಿಡಜೊಲಾಮ್. ಎಚ್ಚರವಿದ್ದೂ ಇಲ್ಲದಂತಿರುತ್ತೀರಿ, ಆಮೇಲೆ ಬಹುಪಾಲು ನೆನಪೇ ಇರುವುದಿಲ್ಲ. ಅಡ್ಡ ಬೆಳೆದ ವಿಸ್ಡಮ್ ಹಲ್ಲು ತೆಗೆಸುವವರಿಗೆ, ಮೊದಲ ಸೂತ್ರದಲ್ಲಿ 19 ಅಥವಾ ಹೆಚ್ಚು ಅಂಕ ಬಂದವರಿಗೆ ಇದು ದೊಡ್ಡ ವರ. ಕೊನೆಯದು ಪೂರ್ತಿ ಪ್ರಜ್ಞೆ ತಪ್ಪಿಸುವ ಜನರಲ್ ಅನಸ್ತೇಶಿಯಾ. ಅದು ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯಲ್ಲೇ ಆಗಬೇಕು.

7. ಮಂಪರಿನ ಮಾತ್ರೆ ಸ್ವಂತ ನಿರ್ಧಾರದಿಂದ ನುಂಗಬೇಡಿ

ಫ್ರೆಂಡ್ ಕೊಟ್ಟ ಆಲ್‌ಪ್ರಜೊಲಾಮ್ ಬೇಡ. "ಒಂದು ಪೆಗ್ ಹಾಕ್ಕೊಂಡು ಹೋಗು" ಅನ್ನುವವರ ಮಾತು ಬೇಡವೇ ಬೇಡ. ಮದ್ಯ ಮತ್ತು ಮಂಪರಿನ ಔಷಧಿ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ. ಈ ಮಾತ್ರೆಗಳು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆಯಲೇಬೇಕು. ಅಷ್ಟು ಕಟ್ಟುನಿಟ್ಟು ಸುಮ್ಮನೆ ಇಟ್ಟಿಲ್ಲ.

8. ನಾಚಿಕೆ ಬಿಟ್ಟು ಪ್ರಶ್ನೆ ಕೇಳಿ

ಲ್ಯಾಪ್‌ಟಾಪ್ ತಗೊಳ್ಳುವಾಗ ಇಪ್ಪತ್ತು ಪ್ರಶ್ನೆ ಕೇಳುತ್ತೀರಿ. ಇಲ್ಲಿ ನಾಲ್ಕಾದರೂ ಕೇಳಿ. ಡಾಕ್ಟರ್‌ಗೆ ರಾಜ್ಯ ದಂತ ಪರಿಷತ್ತಿನ ನೋಂದಣಿ ಇದೆಯೇ? ಮಂಪರು ಯಾರು ಕೊಡುತ್ತಾರೆ, ರಕ್ತನಾಳದ ಮೂಲಕವಾದರೆ ಅದನ್ನು ನೋಡಿಕೊಳ್ಳಲೆಂದೇ ಅರಿವಳಿಕೆ ತಜ್ಞರು ಇರುತ್ತಾರೆಯೇ? ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್, ಆಕ್ಸಿಜನ್ ಸಿಲಿಂಡರ್, ಔಷಧಿಯ ಪರಿಣಾಮ ಇಳಿಸುವ ಮರುಮದ್ದು ಇವೆಯೇ? ಒಟ್ಟು ಖರ್ಚೆಷ್ಟು? ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ. ಸಿಡುಕಿದರೆ ಎದ್ದು ಬನ್ನಿ.

ನೀವೂ ಮುಚ್ಚಿಡಬೇಡಿ. ಶುಗರ್, ಬಿಪಿ, ಆಸ್ತಮಾ, ರಾತ್ರಿ ಜೋರು ಗೊರಕೆ, ದಿನಾ ತಗೊಳ್ಳುವ ಮಾತ್ರೆ, ಕುಡಿತ, ಎಲ್ಲವನ್ನೂ ಹೇಳಿ. ಡೋಸ್ ನಿರ್ಧಾರವಾಗುವುದು ಇವುಗಳ ಮೇಲೆಯೇ.

9. ಆ ದಿನವನ್ನು ಪ್ರಾಜೆಕ್ಟ್‌ನಂತೆ ಪ್ಲಾನ್ ಮಾಡಿ

ಬೆಳಗಿನ ಮೊದಲ ಸ್ಲಾಟ್ ಕೇಳಿ. ಕಾಯುವ ಟೈಮ್ ಕಡಿಮೆಯಾದಷ್ಟೂ ಭಯ ಬೆಳೆಯುವ ಟೈಮ್ ಕಡಿಮೆ. ಬರೀ ಇಂಜೆಕ್ಷನ್ ಆದರೆ ಎರಡು ಇಡ್ಲಿ ತಿಂದೇ ಹೋಗಿ, ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುತ್ತದೆ. ರಕ್ತನಾಳದ ಮಂಪರು ಅಥವಾ ಜನರಲ್ ಅನಸ್ತೇಶಿಯಾ ಆದರೆ ಸಾಮಾನ್ಯ ನಿಯಮ ಬೇರೆ: ತಿಂಡಿ, ಹಾಲು, ಕಾಫಿ ನಿಲ್ಲಿಸಿ 6 ಗಂಟೆ, ಬರೀ ನೀರು ನಿಲ್ಲಿಸಿ 2 ಗಂಟೆ ಆಗಿರಬೇಕು. ನಿಮ್ಮ ಡಾಕ್ಟರ್ ಹೇಳಿದ್ದೇ ಅಂತಿಮ.

ಮಾತ್ರೆ ಅಥವಾ ರಕ್ತನಾಳದ ಮಂಪರು ತಗೊಂಡರೆ ಬೈಕ್ ಕೀಲಿ ಮನೆಯಲ್ಲೇ ಇರಲಿ. 24 ಗಂಟೆ ಗಾಡಿ ಓಡಿಸಬೇಡಿ, ಹೊಲಿಗೆ ಮಷಿನ್ ಮುಂದೆ ಕೂರಬೇಡಿ, ಯಾವ ಪತ್ರಕ್ಕೂ ಸಹಿ ಹಾಕಬೇಡಿ, ಪ್ರೊಡಕ್ಷನ್ ಸರ್ವರ್ ಮುಟ್ಟಬೇಡಿ. ರೂಮ್‌ಮೇಟ್‌ನನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋಗಿ, ಆಟೋದಲ್ಲಿ ವಾಪಸ್ ಬನ್ನಿ. ತುಟಿ, ನಾಲಿಗೆ ಕೆಲವು ಗಂಟೆ ಜೋಮು ಹಿಡಿದಿರುತ್ತವೆ. ಅದು ಬಿಡುವ ತನಕ ಬಿಸಿ ಕಾಫಿ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ದುಡ್ಡಿನ ಲೆಕ್ಕವೂ ಪ್ಲಾನ್‌ನಲ್ಲೇ ಬರಲಿ. ಇಎಸ್‌ಐ ಕಾರ್ಡ್ ಇರುವ ಗಾರ್ಮೆಂಟ್ಸ್ ಅಕ್ಕಂದಿರೇ, ಸಂಬಳದಲ್ಲಿ ತಿಂಗಳು ತಿಂಗಳೂ ಹಿಡಿಯುವ ಆ ದುಡ್ಡು ಹಲ್ಲಿಗೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ಡಿಸ್ಪೆನ್ಸರಿಯಲ್ಲಿ ದಂತ ವಿಭಾಗ ಎಲ್ಲಿದೆ ಅಂತ ಕೇಳಿ. ಐಟಿಯವರೇ, ಕಂಪನಿ ಇನ್ಶೂರೆನ್ಸ್‌ನಲ್ಲಿ ಮಾಮೂಲಿ ಹಲ್ಲಿನ ಚಿಕಿತ್ಸೆ ಹೆಚ್ಚಾಗಿ ಇರುವುದಿಲ್ಲ. ಎಚ್‌ಆರ್‌ಗೆ ಮೇಲ್ ಹಾಕಿ ಖಚಿತ ಮಾಡಿಕೊಳ್ಳಿ.

ಇನ್ನೊಂದು ಮಾತು. ಮನೆಯಲ್ಲಿ ದೊಡ್ಡವರು ಯಾರಾದರೂ "ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತೆ" ಅಂತ ತಡೆಯಬಹುದು. ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಪ್ರೀತಿಯಿಂದ ತಿಳಿಸಿ ಹೇಳಿ, ನೀವು ಹೊರಡಿ.

10. ಈಗಲೇ ಫೋನ್ ಮಾಡಿ

ಏನು ಹೇಳಬೇಕು ಅಂತ ಯೋಚಿಸುತ್ತಾ ಕೂರಬೇಡಿ. ಇದನ್ನೇ ಓದಿ ಹೇಳಿ: "ನಮಸ್ಕಾರ, ನನಗೆ ಹಲ್ಲಿನ ಚಿಕಿತ್ಸೆ ಅಂದರೆ ತುಂಬಾ ಭಯ. ಮೊದಲ ದಿನ ಚೆಕಪ್ ಮತ್ತು ಎಕ್ಸ್‌ರೇ ಮಾತ್ರ ಸಾಕು. ನಿಮ್ಮಲ್ಲಿ ಲಾಫಿಂಗ್ ಗ್ಯಾಸ್ ಇದೆಯಾ? ಶನಿವಾರ ಬೆಳಿಗ್ಗೆ ಮೊದಲ ಟೈಮ್ ಕೊಡ್ತೀರಾ?"