ಸುಗ್ಗಿಯಲ್ಲಿ ಮಾರಿ, ಮಳೆಗಾಲದಲ್ಲಿ ಕೊಳ್ಳುವ ಮನೆಗಳು

ಗದಗ ತಾಲೂಕಿನ ಹೊಂಬಳದ ಸುತ್ತಿನ ಎರೆಹೊಲಗಳು ಬಹುಪಾಲು ಮಳೆಯನ್ನೇ ನೆಚ್ಚಿಕೊಂಡಿವೆ. ಇಲ್ಲಿಯ ಒಕ್ಕಲುತನದ ಮನೆಗೆ ರೊಕ್ಕ ಪಗಾರದ ಹಾಗೆ ತಿಂಗಳಿಗೊಮ್ಮೆ ಬರುವುದಿಲ್ಲ. ಮುಂಗಾರಿ ಹೆಸರು ಕೈಗೆ ಬಂದಾಗ ಒಮ್ಮೆ, ಹಿಂಗಾರಿ ಜೋಳ, ಕಡಲೆ ರಾಶಿಯಾದಾಗ ಇನ್ನೊಮ್ಮೆ ಬರುತ್ತದೆ; ಖರ್ಚು ಮಾತ್ರ ದಿನವೂ ಇರುತ್ತದೆ. ಚಹಾ ಕಡಿಮೆ ಮಾಡಿ, ತಿಂಗಳ ಆದಾಯದಲ್ಲಿ ಇಷ್ಟು ತೆಗೆದಿಡಿ ಎಂಬ ಸಲಹೆಗಳೆಲ್ಲ ಪಗಾರದಾರರಿಗೆ ಹೊಂದುತ್ತವೆ. ನಮ್ಮ ಹಳ್ಳಿಯ ಮನೆಗಳಲ್ಲಿ ದುಡ್ಡು ಹೆಚ್ಚಾಗಿ ಸೋರುವುದು ಕೊಳ್ಳುವ ಹೊತ್ತು ತಪ್ಪಿದ್ದರಿಂದ ಎಂಬುದು ನನ್ನ ವಾದ. ಎಷ್ಟು ಕಡಿಮೆ ಉಣ್ಣಬೇಕು ಎಂದು ಲೆಕ್ಕ ಹಾಕುವ ಮೊದಲು ಯಾವಾಗ ಕೊಳ್ಳಬೇಕು, ಯಾವುದನ್ನು ಮಾರಬಾರದು ಎಂಬುದನ್ನು ಗಟ್ಟಿ ಮಾಡಿಕೊಳ್ಳಬೇಕು.

ಜೋಳವನ್ನೇ ನೋಡಿ. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋ ಜೋಳ ಬೇಕೆಂದು ಹಿಡಿದರೆ ವರ್ಷಕ್ಕೆ ಸುಮಾರು 540 ಕಿಲೋ ಆಗುತ್ತದೆ. ರಾಶಿಯಾದ ಕೂಡಲೇ ಅಷ್ಟನ್ನೂ ಗದಗಿನ ಮಾರುಕಟ್ಟೆಗೆ ಸಾಗಿಸಿ, ಮಳೆಗಾಲದಲ್ಲಿ ಕಿರಾಣಿ ಅಂಗಡಿಯಿಂದ ಐದೈದು ಕಿಲೋ ತರುವ ಮನೆ ಎರಡು ಕಡೆ ಕಳೆದುಕೊಳ್ಳುತ್ತದೆ. ಮಾರುವಾಗ ಬಾಡಿಗೆ, ಹಮಾಲಿ ಕಳೆದು ಸಗಟು ದರ ಸಿಗುತ್ತದೆ; ಕೊಳ್ಳುವಾಗ ಅಂಗಡಿಯವರ ಲಾಭ ಸೇರಿದ ಚಿಲ್ಲರೆ ದರ ಕೊಡಬೇಕು. ಕಿಲೋಗೆ 10 ರೂಪಾಯಿ ಅಂತರವಿದೆ ಎಂದುಕೊಂಡರೂ ವರ್ಷಕ್ಕೆ 5,400 ರೂಪಾಯಿ ಹೋಯಿತು. ಅದೂ ಉದ್ರಿಯಲ್ಲಿ ತಂದದ್ದಾದರೆ, ಕೈಗಡ ತೀರಿಸಲು ಬಡ್ಡಿಯ ಸಾಲ ಎತ್ತಿದರೆ ಇನ್ನೂ ತುಟ್ಟಿ. ತಿಂಗಳಿಗೆ ನೂರಕ್ಕೆ ಮೂರು ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಆದರೆ 10,000 ರೂಪಾಯಿಗೆ ಆರು ತಿಂಗಳಲ್ಲಿ 1,800 ರೂಪಾಯಿ ಬಡ್ಡಿಯಾಗುತ್ತದೆ, ವರ್ಷದ ಲೆಕ್ಕದಲ್ಲಿ ನೂರಕ್ಕೆ 36. ಯಾವ ಬ್ಯಾಂಕಿನ ಠೇವಣಿಯೂ ಅಷ್ಟು ಗಳಿಸಿಕೊಡುವುದಿಲ್ಲ. ಹಿಂದಿನವರು ಹಗೇವು ತೋಡಿ, ವಾಡೇವು ಇಟ್ಟು ಉಣ್ಣುವ ಕಾಳನ್ನು ಮೊದಲು ತೆಗೆದಿಟ್ಟು ಮಿಕ್ಕಿದ್ದನ್ನು ಮಾರುತ್ತಿದ್ದರು. ಆ ಕ್ರಮವನ್ನು ಹಳೆಯ ಕಾಲದ ರೂಢಿ ಎಂದು ತಳ್ಳಿಹಾಕಿದ್ದಕ್ಕೆ ನಾವು ಬೆಲೆ ತೆರುತ್ತಿದ್ದೇವೆ.

ಕಾಳು ಇಟ್ಟರೆ ಹುಳ ಬೀಳುತ್ತದಲ್ಲ ಎಂದು ಕೇಳುವವರಿದ್ದಾರೆ. ಬೀಳುತ್ತದೆ, ಸರಿಯಾಗಿ ಒಣಗದಿದ್ದರೆ. ಜೋಳದ ತೇವ ನೂರಕ್ಕೆ 12ಕ್ಕಿಂತ ಕೆಳಗಿಳಿಯುವಷ್ಟು ಬಿಸಿಲು ಕಾಣಿಸಿ, ಗಾಳಿಯಾಡದ ಡ್ರಮ್ಮಿನಲ್ಲೋ ಒಳಚೀಲವಿರುವ ಚೀಲದಲ್ಲೋ ಕಟ್ಟಿಟ್ಟರೆ ಹುಳಕ್ಕೆ ಉಸಿರು ಸಿಗುವುದಿಲ್ಲ. ಬೇಳೆಕಾಳಿಗೆ ಹರಳೆಣ್ಣೆ ಸವರುವುದು ಇಂದಿಗೂ ನಮ್ಮ ಅಡುಗೆಮನೆಗಳಲ್ಲಿ ಉಳಿದಿದೆ. ಧಾರಣೆ ಮುಂದೆ ಇಳಿದರೆ ನಷ್ಟವಲ್ಲವೇ ಎಂಬ ಇನ್ನೊಂದು ಮಾತಿಗೂ ತೂಕವಿದೆ. ಕೆಲವು ವರ್ಷ ಇಳಿಯುವುದೂ ಉಂಟು. ನಾನು ಹೇಳುತ್ತಿರುವುದು ಉಣ್ಣುವಷ್ಟನ್ನು ಮಾತ್ರ; ದರ ಏರೀತೆಂದು ಮಾಲು ಹಿಡಿದಿಟ್ಟುಕೊಳ್ಳುವುದು ಜೂಜು, ಅದು ಸಣ್ಣ ಹಿಡುವಳಿದಾರರಿಗೆ ತಕ್ಕುದಲ್ಲ.

ಹೊತ್ತಿನ ಈ ಲೆಕ್ಕ ಮನೆಯ ಪ್ರಾಣಿಗಳಿಗೂ ಅನ್ವಯಿಸುತ್ತದೆ. ನಾಯಿಗೆ ಪೇಟೆಯ ಪೊಟ್ಟಣದ ಆಹಾರವೇ ಆಗಬೇಕೆಂದಿಲ್ಲ. ಮಜ್ಜಿಗೆಯಲ್ಲಿ ನೆನೆದ ರೊಟ್ಟಿ, ಆಗಾಗ ಒಂದು ತತ್ತಿ ಕೊಟ್ಟು ಸಾಕಬಹುದು. ಉಳಿದ ಸಾರನ್ನು ಮಾತ್ರ ಸುರಿಯಬಾರದು: ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಉಳ್ಳಾಗಡ್ಡಿ ಬೆಳೆಯುವ ನಾಡಿನಲ್ಲಿ ಇದು ಹೆಚ್ಚಿನವರಿಗೆ ಗೊತ್ತಿಲ್ಲದಿರುವುದು ನನಗೆ ಬೇಸರದ ಸಂಗತಿ. ಊಟದಲ್ಲಿ ಹೀಗೆ ಉಳಿಸಿದ್ದರಲ್ಲಿ ಒಂದು ಪಾಲು ಸೂಜಿಗೆ ಹೋಗಬೇಕು. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮತ್ತೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶುಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು, ಮೊದಲೇ ವಿಚಾರಿಸಿಡಿ. ದನಗಳ ಕಾಲುಬಾಯಿ ಬೇನೆಯ ಲಸಿಕೆಯನ್ನು 2019ರಿಂದ ಕೇಂದ್ರದ ಕಾರ್ಯಕ್ರಮದಡಿ ಬಿಟ್ಟಿಯಾಗಿ ಹಾಕುತ್ತಿದ್ದಾರೆ. ಇದಕ್ಕೂ ಹೊತ್ತಿಲ್ಲವೆಂದು ತಪ್ಪಿಸಿಕೊಂಡು, ಬಿತ್ತಿಗೆಯ ದಿನ ಎತ್ತು ಬಾಯಿ ಹುಣ್ಣಾಗಿ ನಿಂತಾಗ ಬಾಡಿಗೆ ಟ್ರ್ಯಾಕ್ಟರಿಗೆ ಕೊಡುವ ರೊಕ್ಕವನ್ನು ಯಾರೂ ಪ್ರಾಣಿಯ ಖರ್ಚೆಂದು ಬರೆದಿಡುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕೂಲಿ ಮಾಡುವವರದು. ಹೊಲವೇ ಇಲ್ಲ, ಸುಗ್ಗಿಯಲ್ಲಿ ಚೀಲಗಟ್ಟಲೆ ಕೊಳ್ಳಲು ಇಡುಗಂಟೆಲ್ಲಿದೆ? ಅವರ ಮಾತು ನಿಜ. ಬಡವರ ಸಂಸಾರ ತುಟ್ಟಿಯಾಗುವುದು ಇದರಿಂದಲೇ: ಸೋವಿ ಇದ್ದಾಗ ಕೈಯಲ್ಲಿ ದುಡ್ಡಿರುವುದಿಲ್ಲ. ಒಬ್ಬೊಬ್ಬರೇ ಇದನ್ನು ಮೀರುವುದು ಕಷ್ಟ. ಆದರೆ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ, ದೇಶದ ಮೊತ್ತಮೊದಲ ಸಹಕಾರಿ ಪತ್ತಿನ ಸಂಘಗಳಲ್ಲಿ ಒಂದನ್ನು ಕಟ್ಟಿದರು. ಅದಕ್ಕೆ ಆಧಾರ ಹಿಂದಿನ ವರ್ಷವಷ್ಟೇ ಬಂದಿದ್ದ ಕಾಯ್ದೆ. ಬಂಡವಾಳ ಒಬ್ಬರನ್ನೊಬ್ಬರು ಬಲ್ಲ ಜನ. ಇಂದು ಊರೂರಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳಿವೆ. ಹತ್ತು ಜನ ಸೇರಿ ದಸರೆಯಿಂದ ಶಿವರಾತ್ರಿಯವರೆಗೆ, ಅಂದಾಜು 20 ವಾರ, ವಾರಕ್ಕೆ ತಲಾ 50 ರೂಪಾಯಿ ಕೂಡಿಟ್ಟರೆ 10,000 ರೂಪಾಯಿ ಆಗುತ್ತದೆ. ಅಷ್ಟರಲ್ಲಿ ಹಿಂಗಾರಿ ಜೋಳ ಕಣಕ್ಕೆ ಬಂದಿರುತ್ತದೆ. ಹೊಲದವರಿಂದಲೇ ನೇರವಾಗಿ ಕೊಂಡರೆ ಕೊಟ್ಟವರಿಗೆ ಬಾಡಿಗೆ ಉಳಿಯುತ್ತದೆ, ಕೊಂಡವರಿಗೆ ಅಂಗಡಿಯ ಪಾಲು ಉಳಿಯುತ್ತದೆ. ಮೊದಲ ವರ್ಷ ಮನೆಗೆ ಅರ್ಧ ಚೀಲವಷ್ಟೇ ಬಂದೀತು. ಅಷ್ಟೇ ಬಂದರೂ, ಆಷಾಢದಲ್ಲಿ ಕೂಲಿಯಿಲ್ಲದ ಕೆಲವು ವಾರ ಆ ಮನೆಯವರು ಉದ್ರಿಗಾಗಿ ಅಂಗಡಿಯ ಕಟ್ಟೆ ಹತ್ತಬೇಕಾಗಿಲ್ಲ.